ಪದಚರ್ಚೆ: ಸಿಡಿ ಪ್ಲೇಯರಿನ ‘ಸೌಂಡ್’ ಅಂದರೆ ದನಿಯಾ, ಅವಾಜಾ, ಬನಿಯಾ?

ಎಲ್ಲರಿಗೂ ನಮಸ್ಕಾರ. ರಾಯಚೂರಿನಿಂದ ಬರೀತಾ ಇದ್ದೇನೆ. ನನಗೊಂದು ಪದ ಬೇಕು. ಯಾಕೆ ಬೇಕಾಯಿತು ಅಂತ ಮೊದಲು ಹೇಳಿಬಿಡುತ್ತೇನೆ, ಸ್ವಲ್ಪ ಉದ್ದವಾದರೂ ಓದಿ.

ನಮ್ಮ ಮನೆಯಲ್ಲಿ ಇಪ್ಪತ್ತು ವರ್ಷದ ಹಳೆಯ ಸಿಡಿ ಪ್ಲೇಯರ್ ಇದೆ. ಬೆಳಗ್ಗೆ ಅಪ್ಪ ಅದರಲ್ಲಿ ಸಿದ್ಧರಾಮ ಜಂಬಲದಿನ್ನಿಯವರ ವಚನ ಗಾಯನ ಹಾಕುತ್ತಾರೆ. ಈ ಬೇಸಿಗೆಯಲ್ಲಿ ಅದು ಗುಂಯ್ ಅನ್ನೋಕೆ ಶುರುವಾಯಿತು. ತಬಲಾದಲ್ಲಿ ಎಡಗೈ ಡಗ್ಗಾದ ಪೆಟ್ಟು ಇದ್ದೂ ಇಲ್ಲದ ಹಾಗಾಯಿತು. ತೀನ್ ಕಂದೀಲ್ ಹತ್ತಿರದ ಒಂದು ರಿಪೇರಿ ಅಂಗಡಿಗೆ ಒಯ್ದೆ. ಚಾಚಾ ಮುಚ್ಚಳ ಬಿಚ್ಚಿ ಟಾರ್ಚ್ ಹಿಡಿದು ತೋರಿಸಿದರು. ಕರೆಂಟ್ ಬೋರ್ಡಿನ ಮೇಲೆ ಎರಡು ಕಂಡೆನ್ಸರಿನ (ಕರೆಂಟ್ ಹಿಡಿದಿಟ್ಟು ಬಿಡುವ ಪುಟ್ಟ ಡಬ್ಬಿ) ತಲೆ ಪೂರಿಯ ಹಾಗೆ ಉಬ್ಬಿತ್ತು, ಬುಡದಲ್ಲಿ ಕಂದು ಬಣ್ಣದ ಅಂಟು. “ನಮ್ಮೂರ ಬಿಸಲಿಗೆ ಒಳಗಿಂದ ಒಣಗಿ ಹೋಗ್ತದ್ರಿ” ಅಂದರು. ಅವೆರಡನ್ನೂ ಬದಲಿಸಿ, ಹಿಂದಿನ ವೈರ್ ಸಿಕ್ಕಿಸುವ ಜಾಗದ ಹತ್ತಿರ ಇದ್ದ ಎರಡು ಚಿಕ್ಕವನ್ನೂ ಬದಲಿಸಿದರು. ಹಚ್ಚಿದ ಕೂಡಲೇ ಡಗ್ಗಾ ಬಂತು. “ಈಗ ಅವಾಜ್ ಖುಲ್ಲಾ ಆಗ್ಯದ ನೋಡ್ರಿ” ಅಂದರು ಚಾಚಾ.

ಮನೆಗೆ ಬಂದು ಹೇಳಿದರೆ ಅಣ್ಣ ಒಪ್ಪಲಿಲ್ಲ. “ಸಿಡಿ ಅಂದರೆ ಬರೀ ಅಂಕಿ. ಪಾರ್ಟ್ಸ್ ಬದಲಿಸಿದರೆ ಸೌಂಡ್ ಹೇಗೆ ಬದಲಾಗುತ್ತೆ?” ಅಂದ. ಸಂಜೆವರೆಗೂ ಅದೇ ವಾದ. ನನಗೆ ಅನ್ನಿಸಿದ್ದು ಇಷ್ಟು: ಇಬ್ಬರೂ ಹೇಳಿದ್ದು ನಿಜ, ತೊಡಕಿರುವುದು ‘ಸೌಂಡ್’ ಅನ್ನೋ ಪದದಲ್ಲಿ.

ಅಣ್ಣನ ಮಾತು ಯಾಕೆ ನಿಜ ಅಂದರೆ, ಸಿಡಿಯಲ್ಲಿ ಒಂದು ಸೆಕೆಂಡಿಗೆ 44,100 ಸಲ ಅಳೆದ ಅಂಕಿಗಳಿವೆ, ಒಂದೊಂದೂ 16 ಬಿಟ್. 1982ರಲ್ಲಿ ಸೋನಿ, ಫಿಲಿಪ್ಸ್ ಮಾರುಕಟ್ಟೆಗೆ ತಂದಾಗಿನಿಂದ ಈ ಲೆಕ್ಕ ಹಾಗೇ ಇದೆ. ತಟ್ಟೆ ತಿರುಗಿಸುವ ಮೋಟಾರು, ಓದುವ ಲೆನ್ಸ್, ಇವು ಅಂಕಿಗಳನ್ನು ಸರಿಯಾಗಿ ಓದಿದರೆ ಮುಗಿಯಿತು, ದುಬಾರಿ ಲೆನ್ಸ್ ಹಾಕಿದ್ದಕ್ಕೆ ಹಾಡು ಇನ್ನಷ್ಟು ಇಂಪಾಗುವುದಿಲ್ಲ. ಚಿಕ್ಕ ಗೀರು ಇದ್ದರೂ ತಪ್ಪು ತಿದ್ದುವ ಏರ್ಪಾಡು ಸಿಡಿಯಲ್ಲೇ ಇದೆ. ತಿದ್ದಲಾಗದಷ್ಟು ಹೋದಾಗ ಪ್ಲೇಯರ್ ಅಕ್ಕಪಕ್ಕದ ಅಂಕಿ ನೋಡಿ ಊಹೆ ಮಾಡುತ್ತದೆ, ಅದೂ ಆಗದಿದ್ದರೆ ಟಕ್ ಅನ್ನುತ್ತದೆ, ಇಲ್ಲವೇ ಹಾರುತ್ತದೆ. ಅಂದರೆ ಲೆನ್ಸ್ ವೀಕ್ ಆದರೆ ಹಾಡು ಕಡಿಯುತ್ತದೆ, ಡಗ್ಗಾ ಒಂದೇ ಸಣ್ಣಗಾಗಿ ಉಳಿದದ್ದೆಲ್ಲ ಚೆನ್ನಾಗಿ ಕೇಳುವ ಹಾಗೆ ಆಗುವುದಿಲ್ಲ.

ಚಾಚಾ ಮುಟ್ಟಿದ್ದು ಅದರಾಚೆಯ ಭಾಗವನ್ನು. ಒಂದು ಐಸಿ, ಅಂದರೆ ಚಿಪ್, ಅಂಕಿಗಳನ್ನು ಕರೆಂಟಿನ ಅಲೆಯಾಗಿ ಮಾಡಿಕೊಡುತ್ತದೆ. ಅಲ್ಲಿಂದ ಮುಂದೆ ಅಂಕಿಯ ಕಾವಲು ಇಲ್ಲ, ದಾರಿಯಲ್ಲಿ ಏನು ಸಿಕ್ಕರೂ ಅದು ಕಿವಿಗೆ ಬರುತ್ತದೆ. ಹೊರಹೋಗುವ ದಾರಿಯ ಕಂಡೆನ್ಸರ್ ಒಣಗಿದರೆ ಮೊದಲು ತಗ್ಗು ಸ್ವರಗಳು ಸೊರಗುತ್ತವೆ. ಕರೆಂಟ್ ಬೋರ್ಡಿನದು ಹೋದರೆ ಗುಂಯ್ ಸೇರಿಕೊಳ್ಳುತ್ತದೆ. ಹಾಗಾಗಿ ಕೆಟ್ಟದ್ದನ್ನು ಬದಲಿಸಿದಾಗ ವ್ಯತ್ಯಾಸ ಕೇಳಿಸಿದ್ದು ಖಂಡಿತ ನಿಜ. ಚೆನ್ನಾಗೇ ಇರುವ ಐಸಿಯನ್ನು ಇನ್ನೊಂದು ಚೆನ್ನಾಗಿರುವ ಐಸಿಗೆ ಬದಲಿಸಿದರೆ ಅಷ್ಟೇನೂ ಗೊತ್ತಾಗುವುದಿಲ್ಲ. ಅದಕ್ಕಿಂತ ಸ್ಪೀಕರ್ ಎಲ್ಲಿಟ್ಟಿದ್ದೀರಿ ಅನ್ನೋದು ಎಷ್ಟೋ ಜಾಸ್ತಿ ಕೆಲಸ ಮಾಡುತ್ತದೆ. ಇನ್ನೊಂದು, ಎರಡು ಪ್ಲೇಯರ್ ಹೋಲಿಸುವಾಗ ಒಂದು ಕೊಂಚ ಜೋರಾಗಿದ್ದರೂ ಸಾಕು, ಕಿವಿ ಅದನ್ನೇ ‘ಚೆನ್ನಾಗಿದೆ’ ಅನ್ನುತ್ತದೆ. ಮೀಟರ್ ಹಿಡಿದು ಎರಡರಿಂದಲೂ ಸ್ಪೀಕರಿಗೆ ಬರುವ ವೋಲ್ಟೇಜನ್ನು ಸಮ ಮಾಡಿಯೇ ಕೇಳಬೇಕು.

ಈಗ ಪದಕ್ಕೆ ಬರುತ್ತೇನೆ. ಜೋರು, ಕಲಬೆರಕೆ ಇಲ್ಲದಿರುವುದು, ಮೈತುಂಬಿಕೊಂಡಿರುವುದು, ಇವು ಮೂರು ಬೇರೆ ಬೇರೆ ಸಂಗತಿ. ‘ಸೌಂಡ್ ಕ್ವಾಲಿಟಿ’ ಮೂರನ್ನೂ ಒಂದೇ ಚೀಲಕ್ಕೆ ತುಂಬುತ್ತದೆ. ಪತ್ರಿಕೆಯವರು ‘ಧ್ವನಿ ಗುಣಮಟ್ಟ’ ಅಂತಾರೆ. ಅದೂ ಅಷ್ಟೇ, ಜೊತೆಗೆ ರಸ್ತೆ ಕಾಮಗಾರಿಗೂ ಅದೇ ಗುಣಮಟ್ಟ, ಹಾಡಿಗೂ ಅದೇ. ಧ್ವನಿಸುರುಳಿ, ಧ್ವನಿಸಾಂದ್ರಿಕೆ ಅಂತ ಆಮಂತ್ರಣ ಪತ್ರಿಕೆಗಳಲ್ಲಿ ಓದಿದ್ದೇವೆ, ಆದರೆ ಅಂಗಡಿಯಲ್ಲಿ ನಿಂತು ಯಾರೂ ಹಾಗೆ ಕೇಳುವುದಿಲ್ಲ. ಶಬ್ದ ಅಂದರೆ ಗಲಾಟೆ ನೆನಪಾಗುತ್ತದೆ, ಸಪ್ಪಳ ಅಂದರೆ ಪಾತ್ರೆ.

ನಮ್ಮ ಕಡೆ ಅವಾಜು ಇದೆ. ಉರ್ದುವಿನಿಂದ ಬಂದರೂ ಈಗ ಪೂರ್ತಿ ನಮ್ಮದೇ, ಮನುಷ್ಯರ ಗಂಟಲಿಗೂ ಅದೇ, ರೇಡಿಯೋಗೂ ಅದೇ. ತೊಂದರೆ ಏನಂದರೆ ‘ಅವಾಜ್ ಹಾಕಿದ’ ಅಂದರೆ ಬೆದರಿಸಿದ ಅಂತಾಗುತ್ತದೆ, ಬರವಣಿಗೆಯಲ್ಲಿ ಆ ನೆರಳು ಬೀಳುತ್ತದೆ. ಆದರೆ ಚಾಚಾ ಹೇಳಿದ ‘ಖುಲ್ಲಾ’ ನನಗೆ ತುಂಬಾ ಹಿಡಿಸಿತು. ಬಾಗಿಲು ತೆಗೆದ ಹಾಗೆ ಕೇಳಿಸಿದ್ದಕ್ಕೆ ಅದಕ್ಕಿಂತ ಸರಿಯಾದ ಮಾತು ನನಗಂತೂ ಹೊಳೆಯಲಿಲ್ಲ.

ನನ್ನ ಸಲಹೆ ‘ಬನಿ’, ಅಂದರೆ ಸಾರ, ಸತ್ವ. ನುಡಿಯ ಬನಿ, ಮಾತಿನ ಬನಿ ಅಂತ ಬರೆಯುತ್ತೇವೆ ಅಲ್ವಾ? ದನಿಯ ಬನಿ ಅಂತ ಯಾಕಾಗಬಾರದು? ಜಂಬಲದಿನ್ನಿಯವರ ತುಂಬುಕಂಠದಲ್ಲಿ ನಾನು ಹುಡುಕುವುದು ಅದನ್ನೇ, ಜೋರನ್ನಲ್ಲ. ಆಗ ವಾದವೂ ಸಲೀಸು: ಕಂಡೆನ್ಸರ್ ಒಣಗಿದರೆ ದನಿಯ ಬನಿ ಹೋಗುತ್ತದೆ, ಲೆನ್ಸ್ ಹೋದರೆ ದನಿ ಕಡಿಯುತ್ತದೆ, ಸ್ಪೀಕರ್ ಹರಿದರೆ ದನಿ ಒಡಕಾಗುತ್ತದೆ. ಕೀರಲು ದನಿ, ಗೊಗ್ಗರು ದನಿ ಅಂತ ಮನುಷ್ಯರಿಗೆ ಇಷ್ಟೆಲ್ಲ ಹೇಳುವ ನಾವು ಯಂತ್ರಕ್ಕೆ ಬಂದ ಕೂಡಲೇ ಸುಮ್ನೆ ‘ಕ್ವಾಲಿಟಿ’ ಅಂದುಬಿಡುತ್ತೇವೆ.

‘ಕಾಂಪೊನೆಂಟ್’ಗೆ ಬಿಡಿಭಾಗ ಸಾಕು ಅನ್ನಿಸುತ್ತದೆ. ಘಟಕ ಬೇಡ. ಕಂಡೆನ್ಸರ್ ಬದಲು ಧಾರಕ ಅಂತ ಬರೆದರೆ ಚಾಚಾಗೆ ಓದಿ ಹೇಳಲು ಆಗುವುದಿಲ್ಲ, ಆದ್ದರಿಂದ ಕಂಡೆನ್ಸರ್ ಹಾಗೇ ಇರಲಿ.

ಕೇಳಬೇಕಾಗಿದ್ದು ಎರಡು. ನಿಮ್ಮ ಊರಲ್ಲಿ ಹಾರ್ಮೋನಿಯಂ ರಿಪೇರಿಯವರು, ಬಯಲಾಟದ ಮೇಳದವರು, ಮೈಕ್ ಸೆಟ್ಟಿನವರು ಒಳ್ಳೆಯ ದನಿಗೆ ಏನನ್ನುತ್ತಾರೆ? ಮತ್ತೆ, ‘ಬನಿ’ಯನ್ನು ದನಿಗೆ ಅಥವಾ ಕಂಠಕ್ಕೆ ಹಚ್ಚಿ ಹೇಳುವುದನ್ನು ಮಾತಿನಲ್ಲಿ ಯಾರಾದರೂ ಕೇಳಿದ್ದೀರಾ? ಕೊಪ್ಪಳ, ಬಳ್ಳಾರಿ ಕಡೆಯವರು ಬರೆದರೆ ಇನ್ನೂ ಖುಷಿ.