ಪದಚರ್ಚೆ: ಕಾರ್ಡಿನ "ಬ್ಯಾಲೆನ್ಸ್" ಬಾಕಿನಾ, ಹೊರಬಾಕಿನಾ, ಸುಸ್ತಿನಾ?

ಎಲ್ರಿಗೂ ನಮಸ್ಕಾರ. ಕೊಡಗಿನ ಗೋಣಿಕೊಪ್ಪ, ಸಿದ್ದಾಪುರ ಕಡೆಯ ಸಣ್ಣ ಕಾಫಿ ಬೆಳೆಗಾರರಿಗೋಸ್ಕರ ಸಿಬಿಲ್ ಸ್ಕೋರ್ (ನಾವು ಸಾಲ ತೀರಿಸೋ ರೀತಿ ನೋಡಿ ಸಿಬಿಲ್ ಅನ್ನೋ ಸಂಸ್ಥೆ ಕೊಡೋ ಅಂಕ) ಬಗ್ಗೆ ಎರಡು ಪುಟದ ಒಂದು ಕರಪತ್ರ ಬರೀತಾ ಇದೀನಿ, ಒಂದು ಪದದ ಹತ್ರ ಬಂದು ಕೆಲಸ ನಿಂತಿದೆ. ಕ್ರೆಡಿಟ್ ಕಾರ್ಡಿನ "ಬ್ಯಾಲೆನ್ಸ್" ಅನ್ನೋದನ್ನ ಕನ್ನಡದಲ್ಲಿ ಏನಂತ ಬರೆದ್ರೆ ಓದೋರಿಗೆ ಉಲ್ಟಾ ಅರ್ಥ ಆಗಲ್ಲ?

ಉಲ್ಟಾ ಅಂತ ಯಾಕೆ ಹೇಳ್ತಿದೀನಿ ಅಂದ್ರೆ, ನಾವು ಬ್ಯಾಲೆನ್ಸ್ ಅನ್ನೋದು ನಮ್ಮ ಹತ್ರ ಇರೋ ದುಡ್ಡಿಗೆ. ಪಾಸ್‌ಬುಕ್ಕಲ್ಲಿ ಬ್ಯಾಲೆನ್ಸ್ ಎಷ್ಟಿದೆ, ಫೋನಲ್ಲಿ ಬ್ಯಾಲೆನ್ಸ್ ಇದ್ಯಾ, ಎಲ್ಲಾ ಕಡೆನೂ ಜಾಸ್ತಿ ಇದ್ದಷ್ಟು ಒಳ್ಳೇದು. ಕಾರ್ಡಲ್ಲಿ ಮಾತ್ರ ಅದು ನಾವು ಬ್ಯಾಂಕಿಗೆ ಕೊಡಬೇಕಾದ ದುಡ್ಡು. "ಕಾರ್ಡಲ್ಲಿ ಸ್ವಲ್ಪ ಬ್ಯಾಲೆನ್ಸ್ ಇಟ್ಕೊಂಡಿದ್ರೆ ಸ್ಕೋರ್ ಏರುತ್ತೆ" ಅಂತ ಒಂದು ಮಾತು ನಮ್ಮಲ್ಲಿ ಓಡಾಡ್ತಿದೆ, ಅದನ್ನ ನಂಬಿ ಪೂರ್ತಿ ಕಟ್ಟೋಕೆ ಕೈಯಲ್ಲಿ ದುಡ್ಡಿದ್ರೂ ಕಟ್ಟದೆ ಬಡ್ಡಿ ತೆತ್ತವರನ್ನ ನೋಡಿದೀನಿ. ಹಾಗೆ ಉಳಿಸೋದ್ರಿಂದ ಸ್ಕೋರ್ ಏರೋದೇ ಇಲ್ಲ, ಬಡ್ಡಿ ಏರುತ್ತೆ ಅಷ್ಟೇ.

ಹುಡುಕಿದಾಗ ಮೊದಲು ಸಿಕ್ಕಿದ್ದು "ಶಿಲ್ಕು". ಸೊಸೈಟಿ ಕ್ಯಾಶ್‌ಬುಕ್ಕಲ್ಲಿ ಆರಂಭ ಶಿಲ್ಕು, ಅಖೈರು ಶಿಲ್ಕು ಅಂತ ಬರೀತಾರಲ್ಲ, ಅದು. ಆದ್ರೆ ಅದೂ ಕೈಲಿರೋ ನಗದೇ, ಹಾಗಾಗಿ ಬಿಟ್ಟೆ. ಎರಡನೇದು "ಬಾಕಿ". ಇದು ಎಲ್ರಿಗೂ ಗೊತ್ತಿರೋ ಪದ, ಆದ್ರೆ ನಮ್ಮೂರಲ್ಲಿ "ಅವನು ಬಾಕಿ ಇಟ್ಕೊಂಡಿದಾನೆ" ಅಂದ್ರೆ ಕಟ್ಟೋ ದಿನ ದಾಟಿದ್ರೂ ಕಟ್ಟಿಲ್ಲ ಅನ್ನೋ ವಾಸನೆನೂ ಬರುತ್ತೆ. ಮೂರನೇದು ಸೊಸೈಟಿ ವರದಿಗಳಲ್ಲಿ ಬರೋ "ಹೊರಬಾಕಿ", ಅಂದ್ರೆ ಇವತ್ತಿನ ದಿನಕ್ಕೆ ಸಾಲದಲ್ಲಿ ಇನ್ನೂ ಬರಬೇಕಾಗಿರೋದು, ಗಡುವು ಮುಗಿದಿರಲಿ ಬಿಡಲಿ. ಗಡುವು ಮುಗಿದ ಮೇಲೂ ಕಟ್ಟದೇ ಇದ್ರೆ ಅದಕ್ಕೆ ಬೇರೆ ಪದನೇ ಇದೆ, "ಸುಸ್ತಿ". ಸುಸ್ತಿದಾರ, ಸುಸ್ತಿ ಬಡ್ಡಿ ಇವೆಲ್ಲ ಸೊಸೈಟಿ ಮೆಟ್ಟಿಲು ಹತ್ತಿದವರ ಬಾಯಲ್ಲಿ ದಿನಾ ಇರೋ ಮಾತು.

ಈ ಹೊರಬಾಕಿ ಮತ್ತು ಸುಸ್ತಿ ನಡುವಿನ ಗೆರೆ ಸ್ಕೋರ್ ವಿಷಯದಲ್ಲಿ ತುಂಬಾ ಮುಖ್ಯ ಅಂತ ನನಗೆ ಅನಿಸ್ತಿದೆ. ಪಕ್ಕದ ತೋಟದ ಅಣ್ಣ ಒಬ್ರು ಕೇಳಿದ್ರು, "ನಂದು ಒಂದು ದಿನನೂ ಸುಸ್ತಿ ಆಗಿಲ್ಲ, ಬಿಲ್ಲು ಪೂರ್ತಿ ಕಟ್ಟಿದೀನಿ, ಆದ್ರೂ ಸ್ಕೋರ್ ಯಾಕೆ ಇಳೀತು?" ಅಂತ. ಅವರ ಕಾರ್ಡಿನ ಲಿಮಿಟ್ 1,00,000 ರೂಪಾಯಿ. ಜೂನಲ್ಲಿ ಗೊಬ್ಬರ, ವೀಡ್ ಕಟರ್ ರಿಪೇರಿ, ಮಕ್ಕಳ ಫೀಸು ಎಲ್ಲಾ ಕಾರ್ಡಲ್ಲೇ ಉಜ್ಜಿ 85,000 ಆಗಿತ್ತು. ಬಿಲ್ಲಿನ ಕೊನೇ ದಿನದ ಒಳಗೆ ಅವರು ಕಟ್ಟಿದ್ದು ನಿಜ, ಸುಸ್ತಿ ಇಲ್ಲ. ಆದ್ರೆ ಬ್ಯಾಂಕು ಸಿಬಿಲ್‌ಗೆ ಲೆಕ್ಕ ಕಳಿಸೋ ದಿನಕ್ಕೆ ಅವರದ್ದು ಇನ್ನೂ ಕಟ್ಟಿರಲಿಲ್ಲ, ಅಲ್ಲಿ 85,000 ಅಂತಲೇ ದಾಖಲಾಯ್ತು, ಅಂದ್ರೆ ಲಿಮಿಟ್‌ನ 85 ಪರ್ಸೆಂಟ್. 300ರಿಂದ 900ರ ಒಳಗೆ ಬರೋ ಈ ಸ್ಕೋರ್ ಲೆಕ್ಕದಲ್ಲಿ ಸುಸ್ತಿ ಒಂದು ದೊಡ್ಡ ವಿಷಯ ಆದ್ರೆ, ಲಿಮಿಟ್‌ನಲ್ಲಿ ಎಷ್ಟು ಪಾಲು ಹೊರಬಾಕಿ ಇದೆ ಅನ್ನೋದು ಇನ್ನೊಂದು. 30 ಪರ್ಸೆಂಟ್ ಒಳಗಿದ್ರೆ ಒಳ್ಳೇದು ಅಂತ ಹೇಳೋದು ರೂಢಿ, ಅದೇನು ರಿಸರ್ವ್ ಬ್ಯಾಂಕಿನ ಕಾನೂನಲ್ಲ. 2025ರ ಜನವರಿ 1ರಿಂದ ಬ್ಯಾಂಕುಗಳು 15 ದಿನಕ್ಕೊಂದು ಸಲ, ಅಂದ್ರೆ ತಿಂಗಳ 15ನೇ ತಾರೀಕು ಮತ್ತು ಕೊನೇ ದಿನದ ಲೆಕ್ಕ ಕಳಿಸಬೇಕು ಅಂತಾಯ್ತು, ಅದಕ್ಕೆ ಮೊದಲು ತಿಂಗಳಿಗೊಂದು ಸಲ ಇತ್ತು. ಹಾಗಾಗಿ ಕಟ್ಟಿದ್ಮೇಲೆ ಸ್ಕೋರ್ ಸುಧಾರಿಸೋದೂ ಬೇಗ ಕಾಣುತ್ತೆ. ಆ ಅಣ್ಣನಿಗೆ ನಾನು ಹೇಳಿದ್ದು, ಮುಂದಿನ ತಿಂಗಳು ಹೊಸ ಸಾಲಕ್ಕೆ ಅರ್ಜಿ ಹಾಕೋದಿದ್ರೆ ಬಿಲ್ಲು ಬರೋಕೆ ಮುಂಚೆನೇ ಒಂದಷ್ಟು ಕಟ್ಟಿಬಿಡಿ ಅಂತ.

ಇಲ್ಲಿ ಇನ್ನೊಂದು ಗೊಂದಲ ಇದೆ, ಅದು ಕೊಡಗಿನದ್ದೇ ಅಂತ ನನ್ನ ಅನಿಸಿಕೆ. ನಮ್ಮಲ್ಲಿ "ಕಾರ್ಡ್ ಸಾಲ" ಅಂದ್ರೆ ತುಂಬಾ ಜನಕ್ಕೆ ಮೊದಲು ನೆನಪಾಗೋದು 1998ರಲ್ಲಿ ಶುರುವಾದ ಕಿಸಾನ್ ಕ್ರೆಡಿಟ್ ಕಾರ್ಡ್. ಡಿಸೆಂಬರಿಂದ ಮಾರ್ಚ್ ತನಕ ರೋಬಸ್ಟಾ ಕುಯ್ದು, ಒಣಗಿಸಿ ಮಾರಿ, ದುಡ್ಡು ಬಂದಾಗ ವರ್ಷಕ್ಕೊಂದು ಸಲ ತೀರಿಸಿ ಮತ್ತೆ ತಗೊಳ್ಳೋದು ಅದರ ಕ್ರಮ. ಆ ರೂಢಿಲೇ ಪ್ಲಾಸ್ಟಿಕ್ ಕಾರ್ಡನ್ನೂ ನೋಡಿ, ಮಳೆಗಾಲದಲ್ಲಿ ಉಜ್ಜಿದ್ದನ್ನ ಕಾಫಿ ಮಾರಿದ್ಮೇಲೆ ಕಟ್ಟಿದ್ರಾಯ್ತು, ಅಲ್ಲಿ ತನಕ ಮಿನಿಮಮ್ (ಬಿಲ್ಲಲ್ಲಿ ಇಷ್ಟಾದ್ರೂ ಕಟ್ಟಲೇಬೇಕು ಅಂತ ಇರೋ ಸಣ್ಣ ಮೊತ್ತ) ಕಟ್ತಾ ಇರೋಣ ಅಂತ ಇರೋರು ಇದಾರೆ. ಮಿನಿಮಮ್ ಕಟ್ಟಿದ್ರೆ ಸುಸ್ತಿ ಆಗಲ್ಲ, ಅದು ಸರಿ. ಆದ್ರೆ ಹೊರಬಾಕಿ ಹಾಗೇ ಕೂತಿರುತ್ತೆ, ಸ್ಕೋರೂ ತಿಂಗಳಾನುಗಟ್ಟಲೆ ತಗ್ಗಿನಲ್ಲೇ ಇರುತ್ತೆ, ಜೊತೆಗೆ ತಿಂಗಳಿಗೆ 3.5 ಪರ್ಸೆಂಟ್ ಬಡ್ಡಿ ಅಂತ ಹಿಡಿದ್ರೂ 85,000ಕ್ಕೆ ಒಂದು ತಿಂಗಳಿಗೆ 2,975 ರೂಪಾಯಿ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಮತ್ತೆ ಹೊಸದಾಗಿ ಉಜ್ಜಿದ್ದಕ್ಕೆ ಬಡ್ಡಿ ಇಲ್ಲದ ದಿನಗಳೂ ಹೋಗಿಬಿಡುತ್ತೆ. ಇದನ್ನ ಮಾತ್ರ ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಹಾಕಬೇಕು ಅಂತಿದೀನಿ. ವರ್ಷಕ್ಕೊಂದು ಸಲ ಕೈಗೆ ದುಡ್ಡು ಬರೋರಿಗೆ ತಿಂಗಳ ಲೆಕ್ಕದ ಸಾಲ ಕೊಡ್ತಾ ಇದಾರೆ, ಅದರ ನಿಯಮ ಅವರದ್ದೇ ಮಾತಲ್ಲಿ ಇರಬೇಕಾದ್ದು ನ್ಯಾಯ.

ಹಳೇ ಕಾರ್ಡ್ ಕ್ಲೋಸ್ ಮಾಡೋ ವಿಷಯನೂ ಈ ಪದಕ್ಕೇ ಬಂದು ನಿಲ್ಲುತ್ತೆ. 1,00,000 ಮತ್ತು 50,000 ಲಿಮಿಟ್‌ನ ಎರಡು ಕಾರ್ಡಿದ್ದು ಒಟ್ಟು 40,000 ಹೊರಬಾಕಿ ಇದ್ರೆ ಸುಮಾರು 27 ಪರ್ಸೆಂಟ್. ಸಣ್ಣ ಕಾರ್ಡಲ್ಲಿ ಏನೂ ಇಲ್ಲ ಅಂತ ಅದನ್ನ ಕ್ಲೋಸ್ ಮಾಡಿದ್ರೆ ಅದೇ 40,000 ಈಗ 40 ಪರ್ಸೆಂಟ್.

ಈ ಪರ್ಸೆಂಟ್‌ಗೂ ಒಂದು ಹೆಸರು ಬೇಕು. "ಯುಟಿಲೈಸೇಶನ್"ಗೆ "ಬಳಕೆ ಪ್ರಮಾಣ" ಅಂತ ಬರೆದು ಇಬ್ರಿಗೆ ತೋರಿಸಿದೆ, ಇಬ್ರೂ "ಎಷ್ಟು ಸಲ ಉಜ್ಜಿದೀವಿ ಅಂತಾನಾ?" ಅಂದ್ರು. ಎಷ್ಟು ಸಲ ಅನ್ನೋದು ಇಲ್ಲಿ ಲೆಕ್ಕಕ್ಕೇ ಬರಲ್ಲ. "ಪತ್ತಿನ ಮಿತಿ"ಲಿ ಹೊರಬಾಕಿ ಪಾಲು ಅಂದ್ರೆ ಅರ್ಥ ಸರಿ ಇದೆ, ಪತ್ತು ಅನ್ನೋದು "ಕೃಷಿ ಪತ್ತಿನ ಸಹಕಾರ ಸಂಘ" ಅನ್ನೋ ಬೋರ್ಡಲ್ಲಿ ಎಲ್ರೂ ಓದಿರೋ ಪದನೇ, ಆದ್ರೆ ಬೋರ್ಡಿಂದ ಆಚೆ ಯಾರೂ ಆಡಲ್ಲ. ಅದಕ್ಕೆ ಸದ್ಯಕ್ಕೆ ಲಿಮಿಟ್ ಅನ್ನೋದನ್ನ ಹಾಗೇ ಇಟ್ಟು "ಲಿಮಿಟ್‌ನಲ್ಲಿ ಹೊರಬಾಕಿ ಪಾಲು" ಅಂತ ಬರೆದಿದೀನಿ.

ನನ್ನ ಪ್ರಶ್ನೆ ಇಷ್ಟು. ಹೊರಬಾಕಿ ಅನ್ನೋದು ಸೊಸೈಟಿ ವ್ಯವಹಾರ ಇಲ್ಲದ, ಕುಶಾಲನಗರದಲ್ಲಿ ಅಂಗಡಿ ಇಟ್ಕೊಂಡಿರೋರಿಗೋ ಮಡಿಕೇರಿಲಿ ಹೋಂಸ್ಟೇ ನಡೆಸೋರಿಗೋ ಅರ್ಥ ಆಗುತ್ತಾ? ನಿಮ್ಮ ಕಡೆ ಬಾಕಿಗೂ ಸುಸ್ತಿಗೂ ವ್ಯತ್ಯಾಸ ಮಾಡಿ ಮಾತಾಡ್ತಾರಾ, ಅಥವಾ ಎರಡಕ್ಕೂ ಬಾಕಿನೇನಾ? ಅರೆಭಾಷೆ, ಕೊಡವ ತಕ್ಕ್ ಮನೆಮಾತಾಗಿರೋರು ಮನೇಲಿ ಈ ಎರಡಕ್ಕೆ ಏನಂತಾರೆ ಅಂತ ಬರೆದ್ರೆ ತುಂಬಾ ಉಪಕಾರ. ಕುಯ್ಲು ಶುರುವಾಗೋಕೆ ಮುಂಚೆ ಕರಪತ್ರ ಪ್ರಿಂಟಿಗೆ ಕೊಡಬೇಕು.