ಸೌದೆ ಸೀಳುವ ಯಂತ್ರದ ಬೀಮ್ ಮೇಲಕ್ಕೆ ಉಬ್ಬಿದೆ, ಏನು ಮಾಡಲಿ?

ಪ್ರಶ್ನೆ:
ನಮಸ್ಕಾರ ಅಣ್ಣ. ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಕೊಯ್ಲು ಶುರುವಾದರೆ ಅಡಿಕೆ ಬೇಯಿಸುವ ಒಲೆಗೆ ಸಿಕ್ಕಾಪಟ್ಟೆ ಸೌದೆ ಬೇಕು. ಕೊಡಲಿ ಹಿಡಿಯುವವರು ಈಗ ಸಿಗುವುದಿಲ್ಲ. ಅದಕ್ಕೇ ಹೋದ ವರ್ಷ ಒಂದು ಹೈಡ್ರಾಲಿಕ್ ಯಂತ್ರ ಮಾಡಿಸಿದೆ. ಸಿಲಿಂಡರ್ ಒಳವ್ಯಾಸ 100 ಎಂಎಂ, ರಾಡ್ 50 ಎಂಎಂ, 50 ಸೆಂಟಿಮೀಟರ್ ಓಟ. 5 ಎಚ್‌ಪಿ ಮೋಟಾರ್, ಸುತ್ತಿಗೆ 8 ಸಿಸಿ ಎಣ್ಣೆ ತಳ್ಳುವ ಗೇರ್ ಪಂಪ್. ಬೀಮ್ 150ರ ಐ-ಬೀಮ್, ಅಂದರೆ 150 ಎಂಎಂ ಎತ್ತರದ್ದು.

ಅಕೇಶಿಯಾ ಗಂಟು ಸಿಕ್ಕಿದರೆ ನಿಂತುಬಿಡುತ್ತಿತ್ತು. ಎಣ್ಣೆಯ ಒತ್ತಡ ಮಿತಿ ಮೀರದಂತೆ ತಡೆಯುವ ರಿಲೀಫ್ ವಾಲ್ವ್ ಬಿಗಿ ಮಾಡಿ 170 ಬಾರ್ ಇದ್ದದ್ದನ್ನು 210ಕ್ಕೆ ಏರಿಸಿದೆ. ಈಗ ಬೀಮ್ ನಡುವೆ ಆಮೆ ಬೆನ್ನಿನ ಹಾಗೆ ಮೇಲಕ್ಕೆ ಉಬ್ಬಿದೆ. ಕೆಳಗಿನಿಂದ ಆಂಗಲ್ ವೆಲ್ಡ್ ಮಾಡಿಸಿದೆ, ಉಪಯೋಗ ಆಗಲಿಲ್ಲ. ಮರದ ಭಾರಕ್ಕೆ ಬಾಗಿದ್ದರೆ ಕೆಳಗೆ ತಾನೇ ಬಾಗಬೇಕು? ಇನ್ನೊಂದು ವಿಷಯ, ಒಂದು ತುಂಡು ಸೀಳಿ ಹಿಂದೆ ಬರಲು ಅರ್ಧ ನಿಮಿಷಕ್ಕೂ ಜಾಸ್ತಿ ಹಿಡಿಯುತ್ತದೆ. ದೊಡ್ಡ ಸಿಲಿಂಡರ್ ಹಾಕಿಸಲಾ?

ಉತ್ತರ:
ಸಿಲಿಂಡರ್ ಮುಟ್ಟಬೇಡಿ. ಅದು ಸರಿಯಾಗೇ ಇದೆ.

ಮೇಲಕ್ಕೆ ಉಬ್ಬಿದ್ದನ್ನು ನೀವು ಗಮನಿಸಿದ್ದು ಒಳ್ಳೆಯದಾಯ್ತು, ಕಾರಣ ಅಲ್ಲೇ ಇದೆ. ಮರದ ಭಾರ ಲೆಕ್ಕಕ್ಕೇ ಇಲ್ಲ. ಸಿಲಿಂಡರ್ ಒಂದು ತುದಿಯನ್ನು ಹಿಂದಕ್ಕೆ ಒದೆಯುತ್ತದೆ, ಬೆಣೆ ಇನ್ನೊಂದು ತುದಿಯನ್ನು ಮುಂದಕ್ಕೆ ಒದೆಯುತ್ತದೆ. ಈ ಒದೆತ ಬೀಮಿನ ನಡುಗೆರೆಯಲ್ಲಿ ಆಗುವುದಿಲ್ಲ, ಅದರ ತಲೆಯ ಮೇಲೆ ಆಗುತ್ತದೆ. ಹಾಗಾಗಿ ಮೇಲಿನ ಪಟ್ಟಿ ಹಿಗ್ಗುತ್ತದೆ, ಎರಡೂ ತುದಿ ಕೆಳಗೆ ಜಗ್ಗುತ್ತವೆ, ನಡು ಏಳುತ್ತದೆ.

ಲೆಕ್ಕ ಹಾಕಿ ನೋಡೋಣ. 100 ಎಂಎಂ ಸಿಲಿಂಡರ್ ಅಂದರೆ 78.5 ಚದರ ಸೆಂಟಿಮೀಟರ್. 170 ಬಾರ್‌ನಲ್ಲಿ ಸುಮಾರು 13.6 ಟನ್ ಬಲ. ಸಿಲಿಂಡರಿನ ನಡುಗೆರೆ ಬೀಮಿನ ಮೇಲ್ಮೈಯಿಂದ 9 ಸೆಂಟಿಮೀಟರ್ ಎತ್ತರ ಅಂದುಕೊಳ್ಳಿ. 150ರ ಬೀಮಿನ ನಡುವಿಗೆ ಇನ್ನೊಂದು 7.5. ಹದಿನಾರೂವರೆ ಸೆಂಟಿಮೀಟರ್ ದೂರದಲ್ಲಿ 13.6 ಟನ್ ಒದೆತ! ಬಾಗುವಿಕೆ, ಎಳೆತ ಎರಡೂ ಸೇರಿ ಚದರ ಸೆಂಟಿಮೀಟರಿಗೆ 3000 ಕೆಜಿ ಹತ್ತಿರ ಬರುತ್ತದೆ. ಮಾಮೂಲಿ ಎಂಎಸ್ (ಮೈಲ್ಡ್ ಸ್ಟೀಲ್) ಕಬ್ಬಿಣ 2500ರ ಆಸುಪಾಸಿನಲ್ಲೇ ಶಾಶ್ವತವಾಗಿ ಬಾಗುತ್ತದೆ. ಅಂದರೆ 170ರಲ್ಲೇ ಬೀಮ್ ಸೋತಿತ್ತು. ನೀವು 210ಕ್ಕೆ ಏರಿಸಿ ಹೆಚ್ಚುಕಡಿಮೆ 17 ಟನ್ ಹೇರಿದಿರಿ. ಮೋಟಾರ್ ಕೂಡ ಕಾದಿರಬೇಕು, 210 ಬಾರ್‌ಗೆ ಆ ಪಂಪ್ ತಿರುಗಿಸಲು 5 ಎಚ್‌ಪಿ ಸಾಲುವುದಿಲ್ಲ.

200ರ ಬೀಮ್ ಹಾಕಿ. ಮೀಟರಿಗೆ 10 ಕೆಜಿ ತೂಕ ಜಾಸ್ತಿ ಅಷ್ಟೇ, ಬಾಗುವಿಕೆ ತಡೆಯುವ ಶಕ್ತಿ ಎರಡು ಪಟ್ಟಿಗಿಂತ ಜಾಸ್ತಿ. ಇದೇ ಲೆಕ್ಕ ಅಲ್ಲಿ 1600ರ ಒಳಗೆ ಬರುತ್ತದೆ. ಕೆಳಗೆ ಆಂಗಲ್ ಯಾಕೆ ಕೆಲಸ ಮಾಡಲಿಲ್ಲ ಅಂದರೆ, ಕೆಳಗೆ ಕಬ್ಬಿಣ ಸೇರಿಸಿದಷ್ಟೂ ಬೀಮಿನ ನಡುಗೆರೆ ಕೆಳಗಿಳಿದು ಒದೆತದಿಂದ ಇನ್ನೂ ದೂರ ಹೋಗುತ್ತದೆ. ಸಿಲಿಂಡರನ್ನು ಬೀಮಿಗೆ ಎಷ್ಟು ಹತ್ತಿರ ತಂದರೆ ಅಷ್ಟು ಒಳ್ಳೆಯದು. ಬಾಗಿದ ಬೀಮನ್ನು ಗ್ಯಾಸ್‌ನಲ್ಲಿ ಕಾಯಿಸಿ ನೆಟ್ಟಗೆ ಮಾಡಿಸಬೇಡಿ.

ವೆಲ್ಡಿಂಗ್ ವಿಷಯ. ಹೆಚ್ಚಿನವರು ಎಡವುವುದು ಇಲ್ಲೇ. ಹಿಗ್ಗುವ ಮೇಲಿನ ಪಟ್ಟಿಗೆ ಅಡ್ಡಡ್ಡ ವೆಲ್ಡ್ ಎಳೆದರೆ ಬಿರುಕು ಅಲ್ಲಿಂದಲೇ ಶುರು. ಉದ್ದಕ್ಕೆ ಎಳೆಯಿರಿ. ಬೆಣೆಯ ಬುಡಕ್ಕೆ 7018 ನಂಬರಿನ ವೆಲ್ಡಿಂಗ್ ರಾಡ್ ಬಳಸಿ, ರಾಡ್ ಒಣಗಿರಬೇಕು. ನಮ್ಮ ಮಳೆಗಾಲದಲ್ಲಿ ಪೊಟ್ಟಣ ಬಿಚ್ಚಿಟ್ಟ ರಾಡ್ ತಂಡಿ ಹಿಡಿದಿರುತ್ತದೆ, ಅದರಲ್ಲಿ ಹಾಕಿದ ವೆಲ್ಡ್ ನಂಬಬೇಡಿ.

ಇನ್ನು ವೇಗ. ನಿಮ್ಮ ಪಂಪ್ ನಿಮಿಷಕ್ಕೆ ಹನ್ನೊಂದು ಲೀಟರ್ ಚಿಲ್ಲರೆ ಕೊಡುತ್ತದೆ. ಮುಂದೆ ಹೋಗಲು 20 ಸೆಕೆಂಡ್, ಹಿಂದೆ ಬರಲು 15. ಆದರೆ ಪೂರಾ ಒತ್ತಡ ಬೇಕಾಗುವುದು ಬೆಣೆ ಗಂಟಿಗೆ ಕಚ್ಚಿದಾಗ ಮಾತ್ರ. ಉಳಿದ ಹೊತ್ತು ರಾಡ್ ಸುಮ್ನೆ ಗಾಳಿಯಲ್ಲಿ ನಡೆಯುತ್ತದೆ. ಎರಡು ಹಂತದ ಪಂಪ್ ಹಾಕಿ, 20 ಸಿಸಿ ಮತ್ತು 8 ಸಿಸಿ ಜೋಡಿ. ಒತ್ತಡ 40 ಬಾರ್ ದಾಟುವವರೆಗೆ ಎರಡೂ ಸೇರಿ 40 ಲೀಟರ್ ತಳ್ಳುತ್ತವೆ. ದಾಟಿದ ಕೂಡಲೇ ದೊಡ್ಡದು ಎಣ್ಣೆಯನ್ನು ಟ್ಯಾಂಕಿಗೆ ಬಿಟ್ಟುಬಿಡುತ್ತದೆ, ಚಿಕ್ಕದೊಂದೇ ಒತ್ತುತ್ತದೆ. ಒತ್ತಡ 170ಕ್ಕೇ ಇದ್ದರೆ ಅದೇ 5 ಎಚ್‌ಪಿ ಸಾಕು. ಹೋಗಿಬರಲು 35 ಸೆಕೆಂಡ್ ಇದ್ದದ್ದು, ನೆಟ್ಟಗಿನ ಮರಕ್ಕೆ 12ರ ಹತ್ತಿರ ಇಳಿಯುತ್ತದೆ.

ಒಂದು ಎಚ್ಚರಿಕೆ. ರಾಡ್ ಹಿಂದೆ ಬರುವಾಗ 40 ಲೀಟರ್ ಒಳಗೆ ಹೋದರೆ, ಸಿಲಿಂಡರಿನ ಇನ್ನೊಂದು ಕಡೆಯಿಂದ 53 ಲೀಟರ್ ವೇಗದಲ್ಲಿ ಎಣ್ಣೆ ಹೊರಗೆ ಬರುತ್ತದೆ. ರಾಡ್ ಇರುವ ಕಡೆ ಜಾಗ ಕಡಿಮೆ, ಅದಕ್ಕೆ. ರಿಟರ್ನ್ ಪೈಪ್, ಫಿಲ್ಟರ್ ಈ ಲೆಕ್ಕಕ್ಕೆ ದೊಡ್ಡದಿರಲಿ. ಟ್ಯಾಂಕಿನಿಂದ ಪಂಪಿಗೆ ಬರುವ ಪೈಪ್ ಸಣ್ಣದಾದರೆ ಪಂಪ್ ಕಿರುಚುತ್ತದೆ, ಒಂದೂಕಾಲು ಇಂಚು ಹಾಕಿ.

ಪ್ರಶ್ನೆ:
ನಾನು ಸಕಲೇಶಪುರದವನು. ತೋಟದ ಸಿಲ್ವರ್ ಓಕ್ ಸೀಳುವುದಕ್ಕೆ ನಾಲ್ಕು ಹೋಳಾಗುವ ಬೆಣೆ ಹಾಕಬಹುದಾ ಸರ್?

ಉತ್ತರ:
ಸಿಲ್ವರ್ ಓಕ್ ನೆಟ್ಟಗಿದ್ದರೆ ಹಾಕಿ. ಅಡ್ಡ ರೆಕ್ಕೆಯನ್ನು ಮುಖ್ಯ ಬೆಣೆಯ ಅಂಚಿಗಿಂತ 6–7 ಸೆಂಟಿಮೀಟರ್ ಹಿಂದಿಡಿ. ಮೊದಲು ಎರಡಾಗಿ, ಆಮೇಲೆ ನಾಲ್ಕಾಗಬೇಕು. ಒಟ್ಟಿಗೇ ಕಚ್ಚಿದರೆ ಬಲ ಸಾಲದು. ಬೇಕಾದಾಗ ತೊಡಿಸಿ, ಬೇಡವಾದಾಗ ತೆಗೆಯುವ ಹಾಗೆ ಮಾಡಿ. ಗಂಟಿನ ಅಕೇಶಿಯಾಕ್ಕೆ ಬೇಡವೇ ಬೇಡ. ನೀಲಗಿರಿ ಇದ್ದರೆ ಹಸಿ ಇರುವಾಗಲೇ ಸೀಳಿ, ಒಣಗಿದ ಮೇಲೆ ಅದರ ತಿರುಚಿದ ನಾರು ಯಂತ್ರಕ್ಕೂ ಬಗ್ಗುವುದಿಲ್ಲ.

ಪ್ರಶ್ನೆ:
ಅಣ್ಣ, ತೀರ್ಥಹಳ್ಳಿಯವನೇ ಮತ್ತೆ. 200ರ ಬೀಮ್‌ಗೆ ಹೇಳಿದೆ. ಇನ್ನೊಂದು ಕೇಳಬೇಕಿತ್ತು. ಲಿವರ್ ಬಿಟ್ಟರೂ ರಾಡ್ ಮುಂದೆ ಹೋಗುತ್ತಲೇ ಇರುತ್ತದೆ. ಒಂದು ಕೈಯಲ್ಲಿ ತುಂಡು ಹಿಡಿದುಕೊಳ್ಳಬಹುದು, ಅನುಕೂಲ ಅಂತ ಹಾಗೇ ಬಿಟ್ಟಿದ್ದೇವೆ. ಪರವಾಗಿಲ್ಲ ಅಲ್ವಾ?

ಉತ್ತರ:
ಇಲ್ಲ, ಬೆರಳು ಹೋಗುವುದು ಹೀಗೇ. ಮುಂದೆ ಹೋಗುವಾಗ ಕೈಬಿಟ್ಟರೆ ಲಿವರ್ ತಾನಾಗಿ ನಡುವಿಗೆ ಬಂದು ರಾಡ್ ನಿಲ್ಲಬೇಕು. ಹಿಂದೆ ಬರುವಾಗ ಮಾತ್ರ ತಾನಾಗಿ ಓಡಲಿ. ವಾಲ್ವಿನ ಸ್ಪ್ರಿಂಗ್ ಕಿಟ್ ಬದಲಿಸಿದರೆ ಆಯ್ತು. ತುಂಡು ಹಿಡಿಯಲು ಕೈ ಬೇಡ, ಎರಡೂ ಪಕ್ಕ ತೊಟ್ಟಿಲಿನ ಹಾಗೆ ತಗಡು ಕೊಡಿ. ಹೋಸ್ ಸೋರುತ್ತಿದೆಯಾ ಅಂತ ಬರಿಗೈಯಲ್ಲಿ ಸವರಿಯೂ ನೋಡಬೇಡಿ. ಆ ಒತ್ತಡದಲ್ಲಿ ಎಣ್ಣೆ ಸೂಜಿಯ ಹಾಗೆ ಚರ್ಮದೊಳಗೆ ಹೋಗುತ್ತದೆ. ರಟ್ಟಿನ ತುಂಡು ಹಿಡಿದು ನೋಡಿ.

ಬೀಮ್ ಬರುವುದು ತಡವಾದರೂ ಪರವಾಗಿಲ್ಲ. ಲಿವರ್ ಸರಿಯಾಗುವವರೆಗೆ ಯಂತ್ರದ ಸ್ವಿಚ್ ಹಾಕಬೇಡಿ.