ದೋಣಿಯ ತಳ ಒಡೆದಿದೆ: ಪುಟ್ಟಿ ಸಾಕೇ, ರೆಸಿನ್ ಯಾವುದು, ಮಾಸ್ಕ್ ಯಾವುದು?

ಪ್ರಶ್ನೆ: ನನ್ನ ಹದಿನಾಲ್ಕು ಅಡಿಯ ಹಳೆಯ ಫೈಬರ್ ದೋಣಿ ಬಂಡೆಗೆ ತಾಗಿ, ತಳದಲ್ಲಿ ಅಂಗೈಯಷ್ಟು ಜಾಗ ಒಡೆದಿದೆ. ಒಂದು ಕಡೆ ಬೆರಳು ತೂರುತ್ತದೆ. ಕಾರಿನ ಡೆಂಟ್ ತುಂಬುವ ಪುಟ್ಟಿ ಮನೆಯಲ್ಲೇ ಇದೆ. ಅದನ್ನು ಮೆತ್ತಿ ಮೇಲೊಂದು ಪದರ ಗಾಜಿನ ನಾರಿನ ಮ್ಯಾಟ್ ಅಂಟಿಸಿದರೆ ಸಾಕೇ? ನಾರನ್ನು ಹಿಡಿದು ಗಟ್ಟಿಯಾಗುವ ರೆಸಿನ್ ಪಾಲಿಯೆಸ್ಟರ್ ತರಲೋ, ಎಪಾಕ್ಸಿ ತರಲೋ? ಕೆಲಸ ಮಾಡುವುದು ಕಾರಿನ ಶೆಡ್ಡಿನಲ್ಲಿ.

ಉತ್ತರ: ಪುಟ್ಟಿಯನ್ನು ಕಾರಿಗೇ ಇಟ್ಟುಕೊಳ್ಳಿ. ಅದರಲ್ಲಿರುವ ಟಾಲ್ಕ್ ಪುಡಿ ನೀರು ಕುಡಿಯುತ್ತದೆ, ನಾರಿನ ಬಲವಂತೂ ಅದಕ್ಕಿಲ್ಲ. ನೀರಿನ ಮಟ್ಟದ ಕೆಳಗೆ ಅದು ಗೋಡೆಯ ಬಿರುಕಿಗೆ ಸುಣ್ಣ ಬಳಿದ ಹಾಗೆ: ಬಿರುಕು ಕಾಣುವುದಿಲ್ಲ, ಆದರೆ ಇದ್ದೇ ಇರುತ್ತದೆ.

ಮೊದಲು ಒಂದು ನಾಣ್ಯ ತೆಗೆದುಕೊಂಡು ಒಡೆದ ಜಾಗದ ಸುತ್ತ ತಟ್ಟುತ್ತಾ ಹೋಗಿ. ಗಟ್ಟಿ ಇರುವಲ್ಲಿ ಟಣ್ ಎನ್ನುತ್ತದೆ, ಪದರ ಬಿಟ್ಟಿರುವಲ್ಲಿ ಸದ್ದು ಮಂದವಾಗುತ್ತದೆ. ಆ ಗಡಿಗೆ ಪೆನ್ಸಿಲ್ ಗುರುತು ಹಾಕಿ. ಕಣ್ಣಿಗೆ ಅಂಗೈಯಗಲ ಕಂಡದ್ದು ಎಷ್ಟೋ ಸಲ ಊಟದ ತಟ್ಟೆಯಷ್ಟಾಗುತ್ತದೆ. ಬಿಟ್ಟುಕೊಂಡ ಪದರವನ್ನೆಲ್ಲ ಕತ್ತರಿಸಿ ತೆಗೆಯಬೇಕು.

ಆಮೇಲೆ ಅಂಚಿನ ಇಳಿಜಾರು. ತೇಪೆ ನಿಲ್ಲುವುದೂ ಕಳಚುವುದೂ ಇಲ್ಲಿಯೇ ತೀರ್ಮಾನವಾಗುತ್ತದೆ. ತಳದ ದಪ್ಪದ ಹನ್ನೆರಡು ಪಟ್ಟು ಅಗಲಕ್ಕೆ ಅಂಚನ್ನು ಓರೆಯಾಗಿ ಉಜ್ಜಬೇಕು. ದಪ್ಪ 6 ಮಿ.ಮೀ. ಇದ್ದರೆ ರಂಧ್ರದ ಸುತ್ತಲೂ 72 ಮಿ.ಮೀ. ಇಷ್ಟು ಒಳ್ಳೆಯ ದೋಣಿಯನ್ನು ಸವೆಸಲು ಯಾರಿಗೂ ಮನಸ್ಸು ಬರುವುದಿಲ್ಲ, ನನಗೂ ಬರುತ್ತಿರಲಿಲ್ಲ. ಆದರೆ ಹೊಸ ಪದರ ಹಳೆಯದಕ್ಕೆ ಅಂಟಿನಿಂದಷ್ಟೇ ಹಿಡಿದಿರುತ್ತದೆ. ಅಂಟಿಗೆ ಅಗಲ ಬೇಕು. ಉಜ್ಜುವ ಮುಂಚೆ ಮೇಣ, ಎಣ್ಣೆಯನ್ನು ದ್ರಾವಕದಿಂದ ಒರೆಸಿ ತೆಗೆಯಿರಿ. ಇಲ್ಲದಿದ್ದರೆ ಸ್ಯಾಂಡ್‌ಪೇಪರ್ ಅದನ್ನೇ ಒಳಕ್ಕೆ ತಿಕ್ಕುತ್ತದೆ.

ರೆಸಿನ್ ವಿಷಯದಲ್ಲಿ ನನ್ನ ಮತ ಎಪಾಕ್ಸಿಗೆ. ದೋಣಿ ಪಾಲಿಯೆಸ್ಟರಿನದೇ ಆದರೂ, ಗಟ್ಟಿಯಾದ ಹಳೆಯ ಪದರವನ್ನು ಎಪಾಕ್ಸಿ ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ. ನೀರಿನ ಮೇಲಿನ ಸಣ್ಣ ಗೀರಾಗಿದ್ದರೆ ಪಾಲಿಯೆಸ್ಟರ್ ಸಾಕು ಎನ್ನುತ್ತಿದ್ದೆ.

ಪ್ರಶ್ನೆ (ಅದೇ ಸದಸ್ಯರು): ಸರ್, ಮ್ಯಾಟ್ ಈಗಾಗಲೇ ತಂದಿಟ್ಟಿದ್ದೇನೆ, ಚದರ ಮೀಟರಿಗೆ 450 ಗ್ರಾಮಿನದು. ಎಪಾಕ್ಸಿಗೆ ಅದೇ ಆಗುತ್ತದೆಯೇ? ಬೇಗ ಗಟ್ಟಿಯಾಗಲಿ ಎಂದು ಹಾರ್ಡ್ನರ್ ಸ್ವಲ್ಪ ಜಾಸ್ತಿ ಹಾಕಬಹುದೇ?

ಉತ್ತರ: ಎರಡೂ ಬೇಡ. ಆ ಮ್ಯಾಟಿನ ತುಂಡು ನಾರುಗಳನ್ನು ಒಟ್ಟಿಗೆ ಹಿಡಿದಿರುವ ಅಂಟು ಸಾಮಾನ್ಯವಾಗಿ ಪಾಲಿಯೆಸ್ಟರಿನಲ್ಲಿರುವ ಸ್ಟೈರೀನಿನಲ್ಲಿ ಕರಗುವಂಥದ್ದು. ಎಪಾಕ್ಸಿಯಲ್ಲಿ ಸ್ಟೈರೀನ್ ಇಲ್ಲ, ಹಾಗಾಗಿ ಮ್ಯಾಟ್ ಮೆತ್ತಗಾಗದೆ ಸೆಟೆದು ನಿಲ್ಲುತ್ತದೆ. ಎಪಾಕ್ಸಿಗೆ ನೇಯ್ದ ಅಥವಾ ಹೊಲಿದ ಗಾಜಿನ ಬಟ್ಟೆ ತನ್ನಿ.

ಹಾರ್ಡ್ನರ್ ಎಂದು ಎಲ್ಲವನ್ನೂ ಒಂದೇ ಹೆಸರಿನಲ್ಲಿ ಕರೆಯುವುದರಿಂದ ಈ ಗೊಂದಲ. ಪಾಲಿಯೆಸ್ಟರಿಗೆ ಹಾಕುವುದು ಎಂಇಕೆಪಿ ಎಂಬ ಪೆರಾಕ್ಸೈಡ್. ಸಾಮಾನ್ಯವಾಗಿ ತೂಕದ 1ರಿಂದ 2 ಶೇಕಡಾ, ಅಂದರೆ 500 ಗ್ರಾಂ ರೆಸಿನ್‌ಗೆ 5ರಿಂದ 10 ಗ್ರಾಂ. ಬಿಸಿಲು, ಚಳಿ ನೋಡಿ ಆ ಮಿತಿಯೊಳಗೆ ಹೆಚ್ಚು ಕಡಿಮೆ ಮಾಡಬಹುದು. ಎಪಾಕ್ಸಿಯ ಹಾರ್ಡ್ನರ್ ಹಾಗಲ್ಲ. ಅದು ರೆಸಿನ್ ಜೊತೆ ಬೆಸೆದು ವಸ್ತುವಿನ ಭಾಗವೇ ಆಗುತ್ತದೆ. ಜಾಸ್ತಿ ಹಾಕಿದರೆ ಹೆಚ್ಚಾದದ್ದು ಬೆಸೆಯದೆ ಉಳಿದು ತೇಪೆ ಮೆತ್ತಗಾಗುತ್ತದೆ. ಡಬ್ಬಿಯ ಮೇಲೆ ತೂಕಕ್ಕೆಂದು ಬರೆದ ಅನುಪಾತವನ್ನು ತಕ್ಕಡಿಯಲ್ಲೇ ತೂಗಿ.

ಒಂದೇ ಸಲ ಬಕೆಟ್ ತುಂಬ ಕಲಸಲೂ ಬೇಡಿ. ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ನಾನು ಹಾಗೆ ಕಲಸಿಟ್ಟು ಬಟ್ಟೆ ಕತ್ತರಿಸುತ್ತಾ ಕುಳಿತೆ. ತಿರುಗಿ ನೋಡುವಷ್ಟರಲ್ಲಿ ಬಕೆಟ್ ಹೊಗೆಯಾಡುತ್ತಿತ್ತು, ತಳ ಕರಗಿ ನೆಲಕ್ಕೆ ಅಂಟಿತ್ತು. ಅಗಲವಾದ ತಟ್ಟೆಗೆ ಸುರಿದುಕೊಂಡರೆ ಶಾಖ ಹರಡಿಹೋಗುತ್ತದೆ. ಉಳಿದ ರೆಸಿನ್ ತಣ್ಣಗಾಗುವವರೆಗೂ ಕಸದ ಬುಟ್ಟಿಗೆ ಹಾಕಬೇಡಿ.

ಪ್ರಶ್ನೆ (ಇನ್ನೊಬ್ಬರು): ನಾನು ಪಾಲಿಯೆಸ್ಟರಿನಲ್ಲೇ ಮಾಡುವವನು. ಧೂಳಿಗೆ ಹಾಕುವ ಬಿಳಿ ಮಾಸ್ಕ್ ಇದೆ, ಫ್ಯಾನ್ ಇದೆ. ಐದು ನಿಮಿಷವಾದರೆ ವಾಸನೆಯೂ ಗೊತ್ತಾಗುವುದಿಲ್ಲ.

ಉತ್ತರ: ವಾಸನೆ ಹೋಗಿಲ್ಲ, ನಿಮ್ಮ ಮೂಗು ಸೋತಿದೆ. ಬಿಳಿ ಮಾಸ್ಕ್ ಆವಿಯನ್ನು ತಡೆಯುವುದೇ ಇಲ್ಲ. ಸಾವಯವ ಆವಿ ಹೀರುವ ಕಾರ್ಟ್ರಿಜ್ ಇರುವ, ಮುಖಕ್ಕೆ ಬಿಗಿಯಾಗಿ ಕೂರುವ ರಬ್ಬರ್ ಮಾಸ್ಕ್ ಬೇಕು. ಉಜ್ಜುವಾಗ ಅದಕ್ಕೇ ಧೂಳಿನ ಫಿಲ್ಟರ್ ಸೇರಿಸಿ. ಗಡ್ಡವಿದ್ದರೆ ಅಂಚಿನಿಂದ ಗಾಳಿ ನುಸುಳುತ್ತದೆ. ಸ್ಟೈರೀನನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2018ರಲ್ಲಿ "ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಂಭವ ಹೆಚ್ಚಿರುವ" ಗುಂಪಿಗೆ ಸೇರಿಸಿದೆ.

ಇದರ ಆವಿ ಗಾಳಿಗಿಂತ ಭಾರ. ದೋಣಿಯೊಳಗೆ ಬಗ್ಗಿ ಕೆಲಸ ಮಾಡುವವನ ಮುಖವಿರುವುದು ಸರಿಯಾಗಿ ಅದು ತುಂಬಿಕೊಳ್ಳುವ ಜಾಗದಲ್ಲೇ. ಸುಮಾರು 31 ಡಿಗ್ರಿ ಶಾಖಕ್ಕೇ ಸ್ಟೈರೀನಿನ ಆವಿ ಕಿಡಿಗೆ ಹೊತ್ತಿಕೊಳ್ಳುವಷ್ಟಾಗುತ್ತದೆ, ಒರೆಸಲು ಬಳಸುವ ದ್ರಾವಕ ಅಸಿಟೋನ್ ಅದಕ್ಕಿಂತ ಎಷ್ಟೋ ಮುಂಚೆ. ಆದ್ದರಿಂದ ಫ್ಯಾನ್ ಹೊರಗಿಟ್ಟು ಶುದ್ಧ ಗಾಳಿಯನ್ನು ಒಳಕ್ಕೆ ನೂಕಿಸಿ. ಆವಿಯನ್ನು ಮೋಟಾರಿನ ಮೂಲಕ ಎಳೆಸಬೇಡಿ.

ನನಗೆ ಇದೆಲ್ಲಕ್ಕಿಂತ ಹೆಚ್ಚು ಭಯವಿರುವುದು ಎಂಇಕೆಪಿಯ ಸಣ್ಣ ಬಾಟಲಿಯ ಮೇಲೆ. ಒಂದು ಹನಿ ಕಣ್ಣಿಗೆ ಬಿದ್ದರೆ ದೃಷ್ಟಿ ಹೋಗಬಹುದು. ಮುಚ್ಚಳ ತೆರೆಯುವ ಮೊದಲೇ ಗಾಗಲ್ಸ್ ಹಾಕಿ, ನೀರಿನ ನಲ್ಲಿ ಎಲ್ಲಿದೆಯೆಂದು ನೋಡಿಟ್ಟುಕೊಳ್ಳಿ. ಬಿದ್ದರೆ ಆ ಕ್ಷಣವೇ ತೊಳೆಯಲು ಶುರುಮಾಡಿ, ಕಡಿಮೆಯೆಂದರೂ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ಇದನ್ನು ಪಾಲಿಯೆಸ್ಟರ್ ಬೇಗ ಗಟ್ಟಿಯಾಗಲು ಹಾಕುವ ಕೋಬಾಲ್ಟ್ ಆಕ್ಸಿಲರೇಟರ್ ಜೊತೆ ನೇರವಾಗಿ ಬೆರೆಸಿದರೆ ಸಿಡಿಯುತ್ತದೆ. ಎರಡನ್ನೂ ಒಂದೇ ಕಪಾಟಿನಲ್ಲಿ ಇಡಲೂಬೇಡಿ.

ಪ್ರಶ್ನೆ (ಮೊದಲ ಸದಸ್ಯರು): ಹಾಗಾದರೆ ಎಪಾಕ್ಸಿಗೆ ಇಷ್ಟೆಲ್ಲ ಬೇಡವಲ್ಲವೇ? ಮೇಲೆ ಜೆಲ್‌ಕೋಟ್, ಅಂದರೆ ದೋಣಿಯ ಹೊರಗಿನ ನುಣುಪಾದ ಬಣ್ಣದ ಪದರ, ಹೊಡೆಯಬಹುದೇ?

ಉತ್ತರ: ವಾಸನೆ ಕಡಿಮೆ ಎಂದು ಕೈಗವಸು ಬಿಚ್ಚಿದವರನ್ನು ಕಂಡಿದ್ದೇನೆ. ಎಪಾಕ್ಸಿ ಚರ್ಮಕ್ಕೆ ಮತ್ತೆ ಮತ್ತೆ ತಾಗಿದರೆ ಒಂದು ದಿನ ಅಲರ್ಜಿ ಶುರುವಾಗುತ್ತದೆ, ಆಮೇಲೆ ಅದು ಹೋಗುವುದಿಲ್ಲ. ನೈಟ್ರೈಲ್ ಕೈಗವಸು ಹಾಕಿ. ತಾಗಿದರೆ ಸೋಪು ನೀರಿನಿಂದ ತೊಳೆಯಿರಿ, ಅಸಿಟೋನಿನಿಂದ ಅಲ್ಲ. ಉಜ್ಜುವ ಧೂಳಿಗೆ ಮಾಸ್ಕ್ ಹೇಗೂ ಬೇಕು.

ಎಪಾಕ್ಸಿಯ ಮೇಲೆ ಜೆಲ್‌ಕೋಟ್ ಸರಿಯಾಗಿ ಹಿಡಿಯುತ್ತದೆಂದು ನಂಬುವಂತಿಲ್ಲ. ಎರಡು ಭಾಗ ಬೆರೆಸಿ ಹಚ್ಚುವ ದೋಣಿ ಬಣ್ಣ ಹೊಡೆಯಿರಿ. ಅದಕ್ಕೂ ಮೊದಲು, ಗಟ್ಟಿಯಾದ ತೇಪೆಯ ಮೇಲೆ ಬೆರಳಾಡಿಸಿದರೆ ಜಿಡ್ಡು ಜಿಡ್ಡಾಗಿ ಏನೋ ಹತ್ತುತ್ತದೆ. ಅದನ್ನು ಬರಿ ನೀರು, ಒರಟು ಸ್ಪಂಜಿನಿಂದ ತೊಳೆದು, ಒಣಗಿಸಿ, ಆಮೇಲೆ ಉಜ್ಜಿ. ತೊಳೆಯದೆ ಉಜ್ಜಿದರೆ ಸ್ಯಾಂಡ್‌ಪೇಪರ್ ಕಟ್ಟಿಕೊಳ್ಳುತ್ತದೆ, ಬಣ್ಣ ಸಿಪ್ಪೆಯಂತೆ ಏಳುತ್ತದೆ. ನೀರಿಗಿಳಿಸುವ ಮುನ್ನ ಒಂದು ವಾರ ಬಿಟ್ಟು, ಅದೇ ನಾಣ್ಯದಿಂದ ಮತ್ತೊಮ್ಮೆ ತಟ್ಟಿ ನೋಡಿ.